ಐದಕ್ಷರದ ಪುಟದ ಹೆಬ್ಬೆಟ್ಟು

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 9.20ಕ್ಕೆ ನಿವೃತ್ತ ಮೇಷ್ಟರು ಹನುಮಂತರಾಯಪ್ಪ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಠಾಣೆಗೆ ಬಂದು, ತಮ್ಮ ಟ್ಯೂಷನ್ ಕೋಣೆಯಿಂದ ಒಂದು ನೋಟುಪುಸ್ತಕ ಕಳವಾಗಿದೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೆಬಲ್ ಚಿನ್ನರಾಜ್‌ಗೆ ನಗು ಬಂತು. ನೋಟುಪುಸ್ತಕಕ್ಕೆಲ್ಲ ಎಫ್‌ಐಆರ್ ಹಾಕುತ್ತ ಕೂತರೆ ಠಾಣೆ ನಡೆದ ಹಾಗೆಯೇ.

ಇನ್‌ಸ್ಪೆಕ್ಟರ್ ರಮಾಮಣಿ ನಗಲಿಲ್ಲ. ತಮಿಳು ಸೀಮೆಯ ಠಾಣೆಯಾದರೂ ಅವರದೂ ಮೇಷ್ಟರದೂ ಮನೆಮಾತು ಕನ್ನಡ, ಅದರಲ್ಲೇ ಕೇಳಿದರು.

"ಏನೈತೆ ಅದ್ರಲ್ಲಿ?"

"ಇಂಗ್ಲಿಷ್ ಪದಗಳು ಮೇಡಂ. ನಾಕಕ್ಷರದ್ದು ಬೇರೆ, ಐದಕ್ಷರದ್ದು ಬೇರೆ. ಕೊನೆ ಒಂದೇ ತರ ಇರೋವೆಲ್ಲ ಒಂದು ಪುಟಕ್ಕೆ. ಲೈಟ್, ನೈಟ್, ರೈಟ್, ಫೈಟ್... ಕುರಿ ಕಾಯೋರ ಮಕ್ಳು ಹಾಡಿನಂಗೆ ಹೇಳ್ಕೊಂಡೇ ಕಲ್ತವೆ. ಮೂವತ್ತೊಂದು ವರ್ಷದ ಪುಸ್ತಕ."

ಭಾನುವಾರ ಹಳೆಯ ವಿದ್ಯಾರ್ಥಿಗಳು ಅವರನ್ನು ಸನ್ಮಾನಿಸುವವರಿದ್ದರು. ವೇದಿಕೆಯ ಮೇಲೆ ಆ ಪುಸ್ತಕವನ್ನು ಇಟ್ಟು, ಅಚ್ಚು ಹಾಕಿಸಿದ ಪ್ರತಿಗಳನ್ನು ಬಂದವರಿಗೆಲ್ಲ ಹಂಚಬೇಕೆಂದು ತೀರ್ಮಾನವಾಗಿತ್ತು.

11.00ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಮೇಷ್ಟರ ಅಂಗಳದ ಕೋಣೆ, ಗಾಜಿನ ಬಾಗಿಲ ಬೀರು. ಕೀಲಿ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಗೋಡೆ ಗಡಿಯಾರ, ರೇಡಿಯೊ ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಗಾಜಿನ ಒಳಮಗ್ಗುಲಿಗೆ ಒಂದು ಹೆಬ್ಬೆರಳ ಗುರುತು ಮಾತ್ರ ಸ್ಪಷ್ಟವಾಗಿತ್ತು. ಅದನ್ನು ಎತ್ತಿಸಿ ಧರ್ಮಪುರಿಯ ಬೆರಳಚ್ಚು ವಿಭಾಗಕ್ಕೆ ಕಳಿಸಿದರು. ಹಳೆಯ ಕಳ್ಳರ ಯಾರ ಗುರುತಿಗೂ ಹೊಂದುತ್ತಿಲ್ಲವೆಂದು ಬುಧವಾರ ಸಂಜೆ ಉತ್ತರ ಬಂತು.

ಗುರುವಾರ ರಮಾಮಣಿ, ಚಿನ್ನರಾಜ್ ಇಬ್ಬರೂ ಹರೂರಿಗೆ ಹೋದರು. ಪುಸ್ತಕ ಅಚ್ಚಿಗೆ ತಯಾರು ಮಾಡುತ್ತಿದ್ದ ಡಿಟಿಪಿ ಅಂಗಡಿಯ ಪ್ರೇಮ್‌ಕುಮಾರ್ ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಂಡಿದ್ದ. ಕಂಪ್ಯೂಟರಿನಲ್ಲಿ ಒಂದೊಂದೇ ತೋರಿಸಿದ. ಪಟ್ಟಿ, ಪಟ್ಟಿಯ ಕೆಳಗೆ ಹೆಸರು, ಹೆಸರಿನ ಕೆಳಗೆ ಕಪ್ಪು ಮಸಿ.

ರಮಾಮಣಿ ಅಲ್ಲಿಂದಲೇ ಮೇಷ್ಟರಿಗೆ ಫೋನ್ ಮಾಡಿದರು.

"ಪುಟದ ಕೆಳಗಿರೋ ಹೆಬ್ಬೆಟ್ಟು ಯಾರ್ದು?"

"ಹೆತ್ತೋರ್ದು. ಪಟ್ಟಿ ಒಪ್ಪಿಸೋಕೆ ಬರದ ಮಗು ಇದ್ರೆ ಅಪ್ಪನೋ ಅಮ್ಮನೋ ಬಂದು ಆ ಪುಟದ ಕೆಳಗೆ ಸೈನ್ ಹಾಕ್ಬೇಕು. ಸೈನ್ ಬಾರದೋರು ಹೆಬ್ಬೆಟ್ಟು."

"ಎಲ್ಲರ ಮುಂದೇನಾ?"

"ಹೂಂ. ಎಲ್ಲರ ಮುಂದೆ ಹಾಕ್ಸಿದ್ರೆ ಮಗು ಮುಂದಿನ ಸಲ ಕಲ್ತು ಬತ್ತದೆ ಅಂತ."

ನಲವತ್ತಾರು ಹೆಬ್ಬೆಟ್ಟುಗಳ ಫೋಟೊ ಧರ್ಮಪುರಿಗೆ ಹೋಯಿತು.

ಶುಕ್ರವಾರ 12.15ಕ್ಕೆ ಉತ್ತರ. ಗಾಜಿನ ಮೇಲಿನ ಗುರುತೂ ಮೂವತ್ತೆಂಟನೇ ಪುಟದ ಹೆಬ್ಬೆಟ್ಟೂ ಒಂದೇ. ಐದಕ್ಷರದ ಪುಟ, ಲೈಟ್ ನೈಟ್ ಪಟ್ಟಿ. ಇಸವಿ 2007. ವಿದ್ಯಾರ್ಥಿನಿ ವನಿತಾ, ತಾಯಿ ಕಾಳಿಯಮ್ಮ. ಪುಟವನ್ನು ನೋಡಿ ಮೇಷ್ಟರು, "ಆ ದಿನದ ಮೇಲೆ ಕಾಳಿಯಮ್ಮ ನನ್ನ ಹೊಸ್ತಿಲು ತುಳಿದಿಲ್ಲ ಮೇಡಂ," ಎಂದು ಹೇಳಿಕೆ ಕೊಟ್ಟರು.

2.30ಕ್ಕೆ ಕಾಳಿಯಮ್ಮನ ಮನೆ ಶೋಧಿಸಿದರು. ಕುರಿದೊಡ್ಡಿಯ ಅಟ್ಟದಲ್ಲಿ ಗೊಬ್ಬರದ ಚೀಲ, ಅದರೊಳಗೆ ಹಳೆ ಸೀರೆಯಲ್ಲಿ ಸುತ್ತಿದ ಪುಸ್ತಕ. ಒಂದು ಹಾಳೆಯೂ ಹರಿದಿರಲಿಲ್ಲ. ಪಂಚರ ಸಹಿ ಪಡೆದು, ಪುಸ್ತಕದೊಂದಿಗೆ ಕಾಳಿಯಮ್ಮನನ್ನೂ ಠಾಣೆಗೆ ಕರೆತಂದರು.

"ತಗಂಡಿದ್ದು ನೀವೇನಾ?"

"ನಾನೇ."

"ಯಾವಾಗ?"

"ಸೋಮವಾರ ಮದ್ಯಾನ. ಮೇಷ್ಟ್ರು ಮಲಗಿದ್ರು."

"ಯಾಕೆ?"

ಕಾಳಿಯಮ್ಮ ಸೆರಗು ಹಿಂಡುತ್ತ ಕೂತಳು. "ಬಾನುವಾರ ವನಿತಾ ಸ್ಟೇಜ್ ಮೇಲೆ ಕೂತ್ಕೋತಾಳೆ. ಸೇಲಂನಾಗೆ ಇಂಗ್ಲಿಷ್ ಟೀಚರ್ ಅವ್ಳು. ಗಂಡಿನ ಕಡೆಯೋರೂ ಬತ್ತಾರೆ. ನಾನು ಎಂಟ್ನೇ ಕ್ಲಾಸು ಓದಿವ್ನಿ ಅಂತ ಅವ್ರಿಗೆ ಏಳವ್ರೆ."

"ಯಾರು ಹೇಳಿದ್ದು?"

"ಯಾರೋ."

"ಆ ಒಂದು ಪುಟ ಹರ್ಕೊಂಡಿದ್ರೆ ಸಾಕಿತ್ತಲ್ಲಮ್ಮ?"

"ಎಲ್ಲಾ ಕರಿ ಎಬ್ಬೆಟ್ಟೇ ಮೇಡಂ. ನಂದ್ಯಾವ್ದು ಅಂತ ಗೊತ್ತಾಗ್ಲಿಲ್ಲ."

"ಸುಟ್ಟಾಕ್ಬೋದಿತ್ತು."

"ಅಯ್ಯೋ, ಅಕ್ಸರ ಅಲ್ವಾ."

ಚಿನ್ನರಾಜ್ ಬರೆಯುವುದನ್ನು ನಿಲ್ಲಿಸಿ ನೆಲ ನೋಡಿದರು. ಮೇಲಧಿಕಾರಿಗಳು ಕ್ವಾರ್ಟರ್ಸಿಗೆ ಬಂದ ದಿನ ರಮಾಮಣಿಯೂ ತಮ್ಮ ಅಮ್ಮನಿಗೆ ಒಳಗಿನ ಕೋಣೆಯಲ್ಲೇ ಇರು ಎಂದಿದ್ದರು. ಅಮ್ಮ ಕಾಫಿಯನ್ನೂ ಕುಡಿಯದೆ ಮೂರು ಗಂಟೆ ಒಳಗೇ ಇದ್ದಳು.

ಪುಸ್ತಕ ಗುರುತಿಸಲು ಬಂದ ಮೇಷ್ಟರು ಕಾಳಿಯಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಕೈ ಜೋಡಿಸಿದರು. "ದೂರು ವಾಪಸ್ ತಗೋತೀನಿ ಮೇಡಂ. ಆವತ್ತು ಅವ್ಳು ಬೇಡ ಅಂದ್ಳು. ನಾನೇ ಕೈ ಹಿಡಿದು ಒತ್ತಿಸ್ದೆ. ಮಕ್ಳೆಲ್ಲ ನಕ್ಕವು. ನಾನು ಸುಮ್ನಿದ್ದೆ."

"ಎಫ್‌ಐಆರ್ ಆಗೋಯ್ತು ಸಾರ್. ಇದನ್ನ ಕೋರ್ಟಲ್ಲಿ ಹೇಳಿ."

ಹೆಂಗಸರನ್ನು ಸೂರ್ಯ ಮುಳುಗುವ ಮೊದಲೇ ಬಂಧಿಸಬೇಕು. 4.40ಕ್ಕೆ ಬಂಧನ ದಾಖಲಾಯಿತು. ಸಂಬಂಧಿಕರಿಗೆ ತಿಳಿಸುವುದೂ ಕಾನೂನು.

"ಯಾರಿಗೆ ತಿಳಿಸ್ಲಿ?"

"ನಂಗ್ಯಾರೂ ಇಲ್ಲ. ಅಂಗೇ ಬರ್ಕೊಳ್ಳಿ. ನಿಮ್ ಕಾಲಿಗ್ ಬೀಳ್ತೀನಿ."

ರಮಾಮಣಿ ಹೊರಗೆ ಹೋಗಿ, ಮೇಷ್ಟರಿಂದ ನಂಬರ್ ಪಡೆದು, ವನಿತಾಳ ಸೇಲಂನ ಶಾಲೆಗೆ ಫೋನ್ ಮಾಡಿದರು.

6.50ಕ್ಕೆ ವನಿತಾ ಬಂದಳು. ಬಸ್ಸಿಳಿದು ಓಡಿ ಬಂದಿದ್ದಳು, ಶಾಲೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಕಾಳಿಯಮ್ಮ ಥಟ್ಟನೆ ಎದ್ದು ಗೋಡೆಯ ಕಡೆ ತಿರುಗಿ ನಿಂತಳು.

"ಇವ್ರ್ಯಾರೋ ಟೀಚರಮ್ಮ. ನಂಗೊತ್ತಿಲ್ಲ ಮೇಡಂ. ಕಳ್ಸ್‌ಬುಡಿ."

ವನಿತಾ ಬಾಗಿಲಲ್ಲೇ ನಿಂತಳು. ರಮಾಮಣಿ ಕೇಳಲೇಬೇಕಾದ ಪ್ರಶ್ನೆ ಕೇಳಿದರು.

"ಇವರು ನಿಮಗೇನಾಗ್ಬೇಕು?"

"ಅಮ್ಮ," ಅಂದಳು ವನಿತಾ. "ಎಂಟ್ನೇ ಕ್ಲಾಸು ಅಂತ ಸುಳ್ಳು ಹೇಳಿದ್ದು ನಾನು ಮೇಡಂ. ಹೆಣ್ಣು ನೋಡೋಕೆ ಬಂದ ದಿನ ಅಮ್ಮನ ಕೈಗೆ ಪೇಪರ್ ಕೊಟ್ಟು ಕೂರ್ಸಿದ್ದೂ ನಾನೇ. ಅವ್ರು ಎದ್ದೋಗೋವರ್ಗೂ ಅಮ್ಮ ಒಂದೇ ಹಾಳೆ ನೋಡ್ತಾ ಕೂತಿದ್ಲು. ಬಾನುವಾರ ಫಂಕ್ಷನ್‌ಗೆ ಬರ್ಬೇಡ ಅಂತಾನೂ ಹೇಳಿದ್ದೆ."

ಬಂಧನದ ಕಾಗದಕ್ಕೆ ಮನೆಯವರೊಬ್ಬರ ಸಹಿ ಬೇಕು. ಕೃತ್ಯಕ್ಕೆ ಕಾರಣ ಎಂಬಲ್ಲಿ ರಮಾಮಣಿ ಒಂದೇ ಸಾಲು ಬರೆದಿದ್ದರು: ಮಗಳಿಗೆ ತನ್ನಿಂದ ನಾಚಿಕೆಯಾಗಬಾರದೆಂದು.

ವನಿತಾ ಕಾಗದ ಕೈಗೆ ತೆಗೆದುಕೊಂಡಳು. ಕಾಳಿಯಮ್ಮ ಆಗ ಮಾತ್ರ ಈ ಕಡೆ ತಿರುಗಿದಳು.

"ಏನ್ ಬರ್ದವ್ರೆ? ಓದಮ್ಮಿ," ಅಂದಳು.

ವನಿತಾ ಎರಡು ಸಲ ಬಾಯಿ ತೆರೆದಳು. ಅವಳಿಗೆ ಓದಲಾಗಲಿಲ್ಲ.