ಕುಮಟಾದ ಪುಸ್ತಕದ ಹುಡುಗಿ

“ಈ ಪುಸ್ತಕ ಆರಿಸಿ ಕೊಟ್ಟವರು ನೀವೇಯಾ?”

ದಿವ್ಯಶ್ರೀ ತಲೆಯೆತ್ತಿದಳು. ಅಂಗಡಿಯ ಮೆಟ್ಟಿಲ ಮೇಲೆ ಎತ್ತರದ ಯುವಕನೊಬ್ಬ ನಿಂತಿದ್ದ. ಮುಖ ಕೆಂಪಾಗಿತ್ತು. ಬಿಸಿಲಿಗಿಂತ ಸಿಟ್ಟಿಗೇ ಹೆಚ್ಚು ಕೆಂಪಾಗಿದೆ ಎಂದು ಅವಳಿಗೆ ಕೂಡಲೇ ತಿಳಿಯಿತು.

ಅವನ ಕೈಯಲ್ಲಿದ್ದ ಪುಸ್ತಕ ಅವಳ ಅಂಗಡಿಯದೇ. ಹಿಂದಿನ ದಿನ ಹೈಸ್ಕೂಲಿನ ರೇಖಾ ಟೀಚರ್ ಬಂದಿದ್ದರು. ತಮ್ಮ ಶಾಲೆಯ ಭೂಗೋಳದ ಮಾಸ್ತರ ತಾಯಿಗೆ ಹುಷಾರಿಲ್ಲ, ಮಗ ಕಂಗೆಟ್ಟು ಹೋಗಿದ್ದಾನೆ, ಓದಲು ಏನಾದರೂ ಆರಿಸಿ ಕೊಡು ಎಂದು ಕೇಳಿ ಒಯ್ದಿದ್ದರು.

“ಹೌದು, ನಾನೇ,” ಎಂದಳು.

“ನನ್ನ ತಾಯಿ ಸಾಯ್ತಾ ಇಲ್ಲ.”

ಅವನು ಕೂಗಲಿಲ್ಲ. ಮೆಲ್ಲಗೆ ಹೇಳಿ, ಪುಸ್ತಕವನ್ನು ಕೌಂಟರಿನ ಮೇಲೆ ಮಗುಚಿ ಇಟ್ಟ. ಹಿಂದಿನ ರಟ್ಟಿನ ಮೇಲೆ ‘ಬದುಕಿನ ಕೊನೆಯ ವರ್ಷಗಳು’ ಎಂಬ ಮಾತು ದಪ್ಪಕ್ಷರದಲ್ಲಿತ್ತು.

ಅಯ್ಯೋ... ನಾನು ಎಂತ ಮಾಡಿಬಿಟ್ಟೆ?

ಆ ಕ್ಷಣ ಕ್ಷಮೆ ಕೇಳಿ ಪುಸ್ತಕ ವಾಪಸು ಇಟ್ಟುಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದಿವ್ಯಶ್ರೀಗೆ ಒಂದು ಹುಚ್ಚಿತ್ತು. ಅವಳ ಅಜ್ಜ ದೋಣಿಯಲ್ಲಿ ದುಡಿದವನು. ಅಪ್ಪ ವೆಂಕಟ್ರಮಣ ಸಮುದ್ರ ಬಿಟ್ಟು ಕುಮಟಾ ಪೇಟೆಯಲ್ಲಿ ನೋಟ್‌ಬುಕ್ಕು, ಪೆನ್ನು, ಗೈಡುಗಳ ಅಂಗಡಿ ಇಟ್ಟವರು. ಡಿಗ್ರಿ ಮುಗಿಸಿ ಬಂದ ಮಗಳು ಆ ಅಂಗಡಿಯ ಒಂದು ಕಪಾಟನ್ನು ತನ್ನದಾಗಿ ಮಾಡಿಕೊಂಡಿದ್ದಳು. ಅದರಲ್ಲಿ ಕಥೆ, ಕಾದಂಬರಿ ಇರಲಿಲ್ಲ. ನಾವು ಬದುಕುವ ಈ ಲೋಕ ಹೀಗೇಕಿದೆ ಎಂದು ತಿಳಿಸುವ ಪುಸ್ತಕಗಳಷ್ಟೇ ಇದ್ದವು.

ಎದುರು ಅಂಗಡಿಯ ಟೈಲರಿಗೆ ಅವಳು ಹತ್ತಿಯ ಇತಿಹಾಸ ಓದಿಸಿದ್ದಳು. ಆತ ಒಂದು ವಾರ ಬಟ್ಟೆ ಹೊಲಿಯುವಾಗಲೆಲ್ಲ ಬಂದವರಿಗೆ ಈಜಿಪ್ಟಿನ ಹತ್ತಿಯ ಮಾತು ಹೇಳಿದ್ದ. ಬಾಣಂತಿ ಗೆಳತಿ ದೀಕ್ಷಾಳಿಗೆ ಮಕ್ಕಳು ಮಾತು ಕಲಿಯುವ ಬಗೆಯ ಪುಸ್ತಕ ಕೊಟ್ಟಿದ್ದಳು. ಅಂದಿನಿಂದ ದೀಕ್ಷಾ ತೊಟ್ಟಿಲ ಮಗುವಿನ ಜೊತೆ ರಾಜಕೀಯವನ್ನೂ ಚರ್ಚಿಸುತ್ತಿದ್ದಳು. ಮನುಷ್ಯನನ್ನು ನೋಡಿದರೆ ಸಾಕು, ಅವನಿಗೆ ಯಾವ ಪುಸ್ತಕ ಬೇಕು ಎಂದು ತನಗೆ ಗೊತ್ತಾಗುತ್ತದೆ ಎಂಬ ಸಣ್ಣ ಜಂಬವೂ ಅವಳಿಗಿತ್ತು.

ಆ ಜಂಬವೇ ಈಗ ಬಾಯಿ ತೆರೆಸಿತು.

“ಓದಿದ್ರಾ ಮಾಸ್ತರ್ರೇ?”

“ಹಿಂದಿನ ರಟ್ಟು ಓದ್ದೆ. ಸಾಕಲ್ಲ.”

“ಉತ್ತರ ಪತ್ರಿಕೆಯ ಮೇಲಿನ ಹೆಸರು ನೋಡಿಯೇ ನೀವು ಮಾರ್ಕ್ಸ್ ಹಾಕ್ತೀರಾ?”

ಅವನು ತಬ್ಬಿಬ್ಬಾದ. ಒಳಗಿನಿಂದ ಅಪ್ಪ ಕೆಮ್ಮಿದ್ದು ಕೇಳಿಸಿತು. ಗಿರಾಕಿಗಳ ಜೊತೆ ಹಾಗೆ ಮಾತಾಡಬಾರದು ಎಂಬ ಕೆಮ್ಮು ಅದು. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

ಅವನು ಪುಸ್ತಕವನ್ನು ಎತ್ತಿಕೊಂಡು, ಪೂರ್ತಿ ಓದಿ ಬಂದೇ ಸೊನ್ನೆ ಕೊಡುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಹೆಸರು ನಿತ್ಯಾನಂದ ಎಂದು ಆಮೇಲೆ ರೇಖಾ ಟೀಚರ್ ಹೇಳಿದರು. ಊರು ಭಟ್ಕಳದ ಹತ್ತಿರದ ಬೆಳಕೆ. ತಂದೆ ಇಲ್ಲ. ತಾಯಿ ಸುಬ್ಬಿ ಮೀನು ಮಾರಿಯೇ ಮಗನನ್ನು ಓದಿಸಿದವಳು. ಈಗ ಅವಳ ಹೃದಯ ಸೋತಿತ್ತು. ಮಗ ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಕುಮಟಾದಲ್ಲೇ ಎರಡು ಕೋಣೆ ಬಾಡಿಗೆಗೆ ಹಿಡಿದು ತಾಯಿಯನ್ನು ತಂದು ಮಲಗಿಸಿದ್ದ. ಹಾಸಿಗೆ ಬಿಟ್ಟು ಏಳಲು ಬಿಡುತ್ತಿರಲಿಲ್ಲ.

ಅದನ್ನೆಲ್ಲ ಕೇಳಿ ದಿವ್ಯಶ್ರೀಗೆ ನಾಚಿಕೆಯಾಯಿತು. ಒಬ್ಬಳೇ ತಾಯಿ, ಒಬ್ಬನೇ ಮಗ. ಅವರ ನಡುವೆ ಅಂಥ ಪುಸ್ತಕ ತಂದು ಇಟ್ಟೆನಲ್ಲ...

ಮುಂದಿನ ವಾರ ಅವನು ಬಂದ. ಸೊನ್ನೆ ಕೊಡಲಿಲ್ಲ. ಪುಸ್ತಕ ಬರೆದ ನರ್ಸಿನ ಜೊತೆ ತನ್ನ ಜಗಳವೇನು ಎಂದು ಹೇಳತೊಡಗಿದ. ಮುದುಕರನ್ನು ನೋಡಿಕೊಳ್ಳುವ ಎಲ್ಲರೂ ಔಷಧಿ ಕುಡಿದೆಯಾ ಎಂದು ಕೇಳುತ್ತಾರೆ, ಬೆಳಗಾದರೆ ನಿನಗೆ ಏನು ಮಾಡಬೇಕು ಅನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ ಎಂದು ಆಕೆ ಬರೆದಿದ್ದಳು. ಕೇಳುವುದು ಸುಲಭ, ಉತ್ತರ ಕೇಳಿಸಿಕೊಂಡವನ ಗತಿಯೇನು ಎಂಬುದು ಅವನ ವಾದ.

ದಿವ್ಯಶ್ರೀ ಬಿಡಲಿಲ್ಲ. ಅವನೂ ಬಿಡಲಿಲ್ಲ. ಗಿರಾಕಿಗಳು ಬಂದು ಜಾಮೆಟ್ರಿ ಬಾಕ್ಸ್ ಕೇಳಿ, ಉತ್ತರ ಸಿಗದೆ ತಾವೇ ಹುಡುಕಿಕೊಂಡರು.

ಆಮೇಲೆ ಅವನು ಶಾಲೆ ಬಿಟ್ಟ ಮೇಲೆ ಆಗಾಗ ಬರುವುದು ರೂಢಿಯಾಯಿತು. ಉಪ್ಪಿಗಾಗಿ ಯುದ್ಧ ಮಾಡಿದ ರಾಜರ ಪುಸ್ತಕ ಒಯ್ದ. ಕಾಲರಾ ನೀರಿನಿಂದ ಬರುತ್ತದೆ ಎಂದು ಪತ್ತೆಯಾದದ್ದು ಹೇಗೆ ಎಂಬ ಪುಸ್ತಕ ಒಯ್ದ. ಅಮ್ಮನಿಗೂ ಓದಿ ಹೇಳುತ್ತಿದ್ದ. ಉಪ್ಪಿನ ರಾಜರಿಗಿಂತ ನಮ್ಮ ಒಣಮೀನಿನ ವ್ಯಾಪಾರಿಗಳು ವಾಸಿ ಎಂದು ಅವಳು ತೀರ್ಪು ಕೊಟ್ಟಳಂತೆ. ಕೇಳಿ ದಿವ್ಯಶ್ರೀ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಒಂದು ದಿನ ಅವನೇ ಅವಳಿಗೊಂದು ಪುಸ್ತಕ ತಂದ. ನಕ್ಷೆಗಳ ಬಗೆಗಿನದು. ನಕ್ಷೆ ಬರೆದ ಪ್ರತಿಯೊಬ್ಬನೂ ತನ್ನ ಊರನ್ನೇ ಲೋಕದ ನಡುವೆ ಇಟ್ಟುಕೊಳ್ಳುತ್ತಾನೆ ಎಂದು ಅದರಲ್ಲಿತ್ತು. ಇಷ್ಟು ದಿನ ಊರಿಗೆಲ್ಲ ಪುಸ್ತಕ ಆರಿಸಿ ಕೊಟ್ಟವಳಿಗೆ ಯಾರೂ ಒಂದು ಪುಸ್ತಕ ಆರಿಸಿ ತಂದಿರಲಿಲ್ಲ. ಓದುತ್ತ ಓದುತ್ತ ತನ್ನ ಲೋಕದ ನಡುವೆ ಈಗ ಯಾರಿದ್ದಾರೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಪುಸ್ತಕ ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದಳು.

“ಅಮ್ಮನ ಹತ್ರ ಆ ನರ್ಸಿನ ಪ್ರಶ್ನೆ ಕೇಳಿದ್ರಾ?” ಎಂದು ಮುಂದಿನ ಸಲ ವಿಚಾರಿಸಿದಳು.

“ಇಲ್ಲ.” ಅವನು ಪೆನ್ನುಗಳ ಡಬ್ಬ ನೋಡುತ್ತ ನಿಂತ. “ಹೆದರಿಕೆ ಆಗ್ತದೆ.”

“ಕೇಳಿ ನೋಡಿ.”

ಅವನು ನೋಡುವಾ ಎಂಬಂತೆ ತಲೆಯಾಡಿಸಿದ.

ಅದಾದ ಮೇಲೆ ಬೇಸಿಗೆ ರಜೆ ಶುರುವಾಯಿತು. ಅವನು ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಫೋನು ಮಾಡಿದರೆ ಸ್ವಿಚ್ ಆಫ್. ಮೆಟ್ಟಿಲ ಮೇಲೆ ಯಾರ ನೆರಳು ಬಿದ್ದರೂ ದಿವ್ಯಶ್ರೀ ತಲೆಯೆತ್ತುತ್ತಿದ್ದಳು. ಕೊನೆಗೆ ತಡೆಯಲಾರದೆ ರೇಖಾ ಟೀಚರಿಗೆ ಫೋನು ಹಚ್ಚಿದಳು.

ಅವರು ರೂಮು ಖಾಲಿ ಮಾಡಿದರಂತೆ. ತಾಯಿಯನ್ನು ಊರಿಗೆ ಕರೆದುಕೊಂಡು ಹೋದರಂತೆ. ರೇಖಾ ಟೀಚರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಆಸ್ಪತ್ರೆ ಬಿಡಿಸಿ ಊರಿಗೆ ಕರೆದುಕೊಂಡು ಹೋದರು ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ದಿವ್ಯಶ್ರೀ ಫೋನು ಹಿಡಿದೇ ಕುಳಿತುಬಿಟ್ಟಳು.

ನಾನೇ ಹೇಳಿದ್ದು, ಕೇಳಿ ನೋಡಿ ಅಂತ. ಆ ಮುದುಕಿ ಔಷಧಿ ಸಾಕು ಅಂದಿರಬೇಕು... ಅವರು ನನ್ನ ಮುಖ ಯಾಕೆ ನೋಡ್ತಾರೆ ಇನ್ನು?

ಮರುದಿನ ಬೆಳಿಗ್ಗೆ ಅವಳು ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕ್ಷಮೆ ಕೇಳದಿದ್ದರೆ ಊಟ ಸೇರುವುದಿಲ್ಲ ಎಂದಳು. ವೆಂಕಟ್ರಮಣ ಮಗಳ ಮುಖವನ್ನು ಒಮ್ಮೆ ನೋಡಿ, ಹೋಗಿ ಬಾ ಎಂದರು. ಬಸ್ಸು ಹೊನ್ನಾವರ ದಾಟಿತು. ಶರಾವತಿ ಸೇತುವೆಯ ಮೇಲೆ ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರೆ ಅವಳು ಮಾತ್ರ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಜೋಡಿಸಿದ್ದೆಲ್ಲ ಭಟ್ಕಳದಲ್ಲಿ ಇಳಿದು ಬೆಳಕೆಯ ಬಸ್ಸು ಹತ್ತುವಷ್ಟರಲ್ಲಿ ಮರೆತುಹೋಯಿತು.

ಸುಬ್ಬಿಯ ಮನೆ ಕೇಳಿ ಕೇಳಿ ಹುಡುಕಿದಳು. ಬಾಗಿಲಿಗೆ ಬೀಗ. ಪಕ್ಕದ ಅಂಗಳದಲ್ಲಿ ಹೆಂಗಸೊಬ್ಬಳು ಮೀನು ಒಣಗಲು ಹರವುತ್ತಿದ್ದಳು. ಅವಳ ಹೆಸರು ಮಾದೇವಿ.

“ಸುಬ್ಬಕ್ಕ...” ಎಂದಳು ದಿವ್ಯಶ್ರೀ. ಮುಂದೆ ಸ್ವರ ಬರಲಿಲ್ಲ.

“ಸುಬ್ಬಕ್ಕ ಹೋದ್ಲಲ್ಲ,” ಎಂದಳು ಮಾದೇವಿ, ಮೀನಿನಿಂದ ಕಣ್ಣೆತ್ತದೆ.

ದಿವ್ಯಶ್ರೀ ಜಗುಲಿಯ ಮೇಲೆ ಕುಸಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮಾದೇವಿ ಗಾಬರಿಯಾಗಿ, ಮೀನಿನ ಕೈಯಲ್ಲೇ ಓಡಿ ಬಂದಳು.

“ಯಾರ ಮಗ್ಳು ನೀನು? ಎಂತಕ್ಕೆ ಅಳುದು?”

“ಯಾವಾಗ ಹೋದ್ರು?”

“ಬೆಳಗಿನ ಬಸ್ಸಿಗೆ.”

ದಿವ್ಯಶ್ರೀ ಕೈ ತೆಗೆದು ನೋಡಿದಳು. ಮಾದೇವಿಯೂ ಅವಳನ್ನೇ ನೋಡಿದಳು. ಮಾದೇವಿಗೆ ಆಗ ಅರ್ಥವಾಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗು ನಿಲ್ಲಿಸಿ, ಸುಬ್ಬಕ್ಕ ಭಟ್ಕಳದ ಮೀನು ಪೇಟೆಗೆ ಹೋಗಿದ್ದಾಳೆ, ಮಗನೂ ಜೊತೆಗಿದ್ದಾನೆ ಎಂದು ತಿಳಿಸಿದಳು. ಮತ್ತೆ ನಗು ಬಂತು.

ರಿಕ್ಷಾ ಹಿಡಿದು ಬಂದ ದಿವ್ಯಶ್ರೀ ಪೇಟೆಯ ಗದ್ದಲದಲ್ಲಿ ಮೊದಲು ಕಂಡದ್ದು ನಿತ್ಯಾನಂದನನ್ನು. ಪ್ಯಾಂಟು ಮಡಚಿಕೊಂಡು, ಒಂದು ದೊಡ್ಡ ಕೊಡೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನಿಂತಿದ್ದ. ಕೊಡೆಯ ನೆರಳಲ್ಲಿ, ಎತ್ತರದ ಸ್ಟೂಲಿನ ಮೇಲೆ, ಬುಟ್ಟಿಯ ಹಿಂದೆ ಸಣ್ಣ ಜೀವದ ಮುದುಕಿಯೊಬ್ಬಳು ಕೂತು, ಗಿರಾಕಿಯ ಜೊತೆ ಭಟ್ಕಳದ ಮುಸ್ಲಿಮರಾಡುವ ನವಾಯತಿ ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಮುದುಕಿಯ ಮುಖ ಹೊಳೆಯುತ್ತಿತ್ತು.

ದಿವ್ಯಶ್ರೀಗೆ ಮತ್ತೆ ಅಳು ಬಂತು. ಈ ಸಲ ಅದಕ್ಕೆ ಹೆಸರು ಬೇರೆ.

“ನಿತ್ಯಾ, ಅಳ್ತಾ ನಿಂತದ್ದು ಯಾರು ನೋಡು,” ಎಂದಳು ಸುಬ್ಬಿ.

ಅವನು ತಿರುಗಿದ. ಕೊಡೆ ವಾಲಿ, ತಾಯಿಯ ತಲೆಯ ಮೇಲೆ ಬಿಸಿಲು ಬಿತ್ತು.

“ನೀವು...” ಎಂದ.

“ಓ, ಪುಸ್ತಕದ ಹುಡ್ಗಿಯಾ?” ಸುಬ್ಬಿ ಪಕ್ಕದ ಮಂಜುಗಡ್ಡೆಯ ಡಬ್ಬ ತೋರಿಸಿದಳು. “ಬಾ ಮಗಾ, ಕೂತ್ಕ. ಇವ ಒಂದಿನ ನನ್ನ ಕೇಳ್ದ, ಬೆಳಗಾದ್ರೆ ನಿಂಗೆ ಎಂತ ಮಾಡ್ಬೇಕು ಅನ್ಸ್ತದೆ ಅಂತ. ಹಾಗೆ ನನ್ನ ಯಾರೂ ಕೇಳಿರ್ಲಿಲ್ಲ. ಇವ್ನ ಅಪ್ಪನೂ ಕೇಳಿರ್ಲಿಲ್ಲ. ಬುಟ್ಟಿ ಮುಂದೆ ಕೂತ್ಕಳ್ಬೇಕು ಅಂದೆ.”

ಮಗ ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಅಮ್ಮ ಬುಟ್ಟಿ ಮುಂದೆ ಕೂರಬಹುದಾ ಎಂದು ಕೇಳಿದನಂತೆ. ಭಾರ ಎತ್ತಬಾರದು, ಮಾತ್ರೆ ತಪ್ಪಬಾರದು, ಮಧ್ಯಾಹ್ನಕ್ಕೆ ಮನೆ ಸೇರಬೇಕು, ಹಾಗಿದ್ದರೆ ಕೂರಲಿ ಎಂದು ಡಾಕ್ಟರು ಒಪ್ಪಿದರಂತೆ. ರಜೆಯಲ್ಲಿ ಬುಟ್ಟಿ ಹೊರುವ ಕೆಲಸ ಮಗನದು. ಅವನ ಫೋನು ಮೊದಲ ದಿನವೇ ಮಂಜಿನ ನೀರಿಗೆ ಬಿದ್ದು ಸತ್ತಿತ್ತು. ಮೀನು ತೂಗಲು ಅವನಿಗೆ ಇನ್ನೂ ಬರುವುದಿಲ್ಲ ಎಂದು ತಾಯಿ ದೂರು ಹೇಳಿದಳು. ಹಾಗೆಯೇ ಇಬ್ಬರನ್ನೂ ಚಹಾ ಕುಡಿದು ಬನ್ನಿ ಎಂದು ಓಡಿಸಿದಳು.

ಚಹಾದಂಗಡಿಯಾಚೆ ಬಂದರಿನ ದೋಣಿಗಳು ಕಾಣುತ್ತಿದ್ದವು. ಇಬ್ಬರೂ ಗ್ಲಾಸು ಹಿಡಿದು ನಿಂತರು.

“ಒಂದು ಫೋನು ಯಾರದಾದರೂ ಸಿಗ್ತಿತ್ತು ನಿಮಗೆ,” ಎಂದಳು ದಿವ್ಯಶ್ರೀ. “ನಾನು ಎಂತೆಂತ ಎಣಿಸಿದೆ ಗೊತ್ತಾ...”

ಅವನು ತಲೆ ತಗ್ಗಿಸಿದ. ರೂಮು ಖಾಲಿ ಮಾಡುವ ಮುಂಚೆ ವಿಷಯ ಹೇಳಲೆಂದೇ ಅಂಗಡಿಗೆ ಬಂದಿದ್ದನಂತೆ. ಅವಳು ಇರಲಿಲ್ಲ. ಅಂಕೋಲೆಯಿಂದ ಹುಡುಗನ ಕಡೆಯವರು ಬಂದಿದ್ದಾರೆ, ಮಗಳು ಮನೆಯಲ್ಲಿದ್ದಾಳೆ ಎಂದು ವೆಂಕಟ್ರಮಣ ಖುಷಿಯಿಂದ ಹೇಳಿದ್ದರಂತೆ. ಬಂದ ವಿಷಯ ಹೇಳದೆ ಇವನು ಮೆಟ್ಟಿಲಿಳಿದು ಬಂದುಬಿಟ್ಟಿದ್ದ.

ಓ... ಅದಕ್ಕೆ!

ದಿವ್ಯಶ್ರೀ ಮುಖ ಆಚೆ ತಿರುಗಿಸಿ ನಗು ಅಡಗಿಸಿದಳು.

“ನಿಶ್ಚಯ ಆತಾ?” ಎಂದು ಅವನು ದೋಣಿಗಳ ಕಡೆ ನೋಡುತ್ತ ಕೇಳಿದ.

“ಇಲ್ಲ. ನಾನೇ ಬೇಡ ಅಂದೆ.”

“ಯಾಕೆ? ಒಳ್ಳೆಯವರಲ್ವಾ?”

“ಬಹಳ ಒಳ್ಳೆಯವರು. ನಾನು ಹೇಳಿದ್ದಕ್ಕೆಲ್ಲ ಹೌದು ಹೌದು ಅಂದ್ರು.”

ಅವನು ಅವಳ ಕಡೆ ತಿರುಗಿದ. ನಿಧಾನವಾಗಿ ಅವನ ಮುಖದಲ್ಲಿ ನಗು ಹರಡಿತು.

“ನಾನು ಇಲ್ಲಿಯವರೆಗೆ ಒಂದಕ್ಕೂ ಹೌದು ಅನ್ಲಿಲ್ಲ,” ಎಂದ.

“ಗೊತ್ತದೆ.”

ಗ್ಲಾಸಿನಲ್ಲಿ ಚಹಾ ತಣ್ಣಗಾಗಿತ್ತು. ಅವನು ಅದನ್ನು ಕೆಳಗಿಟ್ಟ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಮಾಸ್ತರಿಗೆ ಈಗ ನಾಲ್ಕು ಮಾತು ಕೂಡಿಸಲು ಕಷ್ಟವಾಯಿತು.

“ರೂಮು ಖಾಲಿ ಮಾಡುವಾಗ ಅಮ್ಮ ಕೇಳಿದ್ಳು, ನನ್ನ ಕೇಳಿದ್ಯಲ್ಲ, ಬೆಳಗಾದ್ರೆ ನಿಂಗೆ ಎಂತ ಬೇಕು ಅಂತ. ನಾನು ಸುಮ್ಮನಿದ್ದೆ. ನಿಮ್ಮ ಹತ್ರ ಮಾತಾಡ್ಬೇಕು ಅನ್ಸ್ತದೆ, ದಿವ್ಯಶ್ರೀ. ದಿನಾ... ಜೀವನ ಪೂರ್ತಿ.”

ಅವಳು ಬ್ಯಾಗಿನಿಂದ ಫೋನು ತೆಗೆದು, ಅಲ್ಲೇ, ಅವನ ಎದುರಲ್ಲೇ, ಅಪ್ಪನಿಗೆ ಹಚ್ಚಿದಳು. ಮುದುಕಿ ಬದುಕಿದ್ದಾಳೆ ಎಂಬ ಸುದ್ದಿ ಮೊದಲು ಹೇಳಿದಳು. ಎರಡನೆಯ ಸುದ್ದಿ ಹೇಳುವಾಗ ಅವಳ ಕಿವಿ ಕೆಂಪಾಯಿತು. ಆ ಕಡೆಯಿಂದ ವೆಂಕಟ್ರಮಣ, ಆ ಜಗಳ ಮಾಡುವ ಮಾಸ್ತರನಾ ಎಂದು ಕೇಳಿದರು. ಹೌದು ಎಂದಳು. ಮನೆಯಲ್ಲಿ ಇನ್ನು ತನಗೆ ಮಾತಾಡಲು ಜಾಗವಿಲ್ಲ ಎಂದು ನಕ್ಕು, ಭಾನುವಾರ ತಾಯಿಯನ್ನೂ ಕರೆದುಕೊಂಡು ಬರಲು ಹೇಳು ಎಂದರು. ಬರುವಾಗ ಒಳ್ಳೆಯ ನೊಗಲಿ ಮೀನು ಸಿಕ್ಕರೆ ತರಬೇಕಂತೆ.

ನಿತ್ಯಾನಂದ ಎರಡೂ ಚಹಾದ ದುಡ್ಡು ಕೊಟ್ಟ.

ಪೇಟೆಯ ಕಡೆ ಇಬ್ಬರೂ ನಡೆದರು. ದಾರಿ ಇಕ್ಕಟ್ಟು. ಎದುರಿನಿಂದ ಗಾಡಿ ಬಂದಾಗ ಅವನು ಅವಳ ಕೈ ಹಿಡಿದು ಬದಿಗೆ ಎಳೆದ. ಗಾಡಿ ಹೋದ ಮೇಲೂ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

“ಒಂದು ತೊಂದರೆ ಅದೆ,” ಎಂದ ಅವನು. “ಅಮ್ಮ ಇನ್ನು ಭಟ್ಕಳ ಬಿಟ್ಟು ದೂರ ಬರೂದಿಲ್ಲ. ನೀವು ಕುಮಟಾ ಅಂಗಡಿ ಬಿಡೂದಿಲ್ಲ. ಮದುವೆ ಆದ್ಮೇಲೆ ಇರುದು ಎಲ್ಲಿ?”

“ಮಧ್ಯ ಹೊನ್ನಾವರ ಅದೆಯಲ್ಲ.”

“ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ.”

ದಿವ್ಯಶ್ರೀ ಅವನ ಬೆರಳುಗಳನ್ನು ಸ್ವಲ್ಪ ಬಿಗಿಯಾಗಿ ಹಿಡಿದಳು.

“ನಾವು ಹೋದ್ಮೇಲೆ ಇರ್ತಾರೆ.”