ಮೂವರಿಗೆ ಗೊತ್ತಿದ್ದ ತಾರೀಖು

ದೊಡ್ಡಕ್ಕ ತೀರಿಕೊಂಡ ಸುದ್ದಿ ಬಂದದ್ದು ಸೋಮವಾರ, ಬೆಳಗಿನ ಚಹಾದ ಬಿಡುವಿಗೆ ಇನ್ನೂ ಹತ್ತು ನಿಮಿಷವಿದ್ದಾಗ. ಹೊಲಿಗೆ ಸಾಲಿನ ತುದಿಯಲ್ಲಿ ಕೂತಿದ್ದ, ಎಲ್ಲರೂ ಅತ್ತಿಗೆ ಎನ್ನುತ್ತಿದ್ದ ಹೆಂಗಸಿಗೆ ಆಸ್ಪತ್ರೆಯಿಂದ ಫೋನು ಬಂತು. ಅವಳು ಪೆಡಲಿನಿಂದ ಕಾಲು ತೆಗೆದಳು. ಅವಳ ಮುಖ ನೋಡಿ ಪಕ್ಕದವಳೂ ತೆಗೆದಳು. ಹೀಗೆ ಒಂದೊಂದಾಗಿ ಮಿಷನ್ನುಗಳು ನಿಂತು, ಕಡೆಗೆ ಓಡುತ್ತಿದ್ದುದು ಸೂಜಿ ಎಂಬ ಹುಡುಗಿಯದೊಂದೇ. ಅವಳು ತಲೆ ಎತ್ತಿ ನೋಡಿದರೆ ಎಲ್ಲರ ಕಣ್ಣೂ ತನ್ನ ಮೇಲಿದ್ದವು. ಹೇಳುವುದು ಬೇಕಾಗಲಿಲ್ಲ.

ಸೂಜಿ ಎಂಬುದು ದೊಡ್ಡಕ್ಕನೇ ಇಟ್ಟ ಹೆಸರು. ಆ ಗಾರ್ಮೆಂಟ್ ಕಾರ್ಖಾನೆಯ ಹೆಂಗಸರ ಸಂಘಕ್ಕೆ ದೊಡ್ಡಕ್ಕ ಅಧ್ಯಕ್ಷೆ, ಇವಳು ಕಾರ್ಯದರ್ಶಿ. ಬಸುರಿಯಾದಳೆಂದು ಕೆಲಸದಿಂದ ತೆಗೆದಿದ್ದ ಒಬ್ಬ ಹುಡುಗಿಯನ್ನು ವಾಪಸು ಕರೆಸಿಕೊಳ್ಳಬೇಕೆಂದು ಎರಡು ತಿಂಗಳಿಂದ ಹೋರಾಟ ನಡೆದಿತ್ತು. ಎರಡು ಸಲ ಗೇಟಿನ ಮುಂದೆ ಧರಣಿಗೆ ಹೊರಟರು. ಎರಡು ಸಲವೂ ಹೆಂಗಸರು ಸೇರುವುದಕ್ಕೆ ಮೊದಲೇ ಪೊಲೀಸ್ ವ್ಯಾನು ಬಂದು ನಿಂತಿತ್ತು. ಎರಡನೆಯ ಸಲದ ನೂಕುನುಗ್ಗಲಿನಲ್ಲಿ ದೊಡ್ಡಕ್ಕ ಜಾರಿ, ಕಲ್ಲಿನ ಮೆಟ್ಟಿಲಿಗೆ ತಲೆ ಬಡಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು, ಮಾತಾಡಲಿಲ್ಲ.

ಧರಣಿಯ ದಿನವನ್ನು ಯಾರಿಗೂ ಮೊದಲೇ ಹೇಳುತ್ತಿರಲಿಲ್ಲ. ಹೆಂಗಸರಿಗೆ ಗೊತ್ತಾಗುತ್ತಿದ್ದುದು ಅದೇ ಬೆಳಿಗ್ಗೆ, ಕರಪತ್ರ ಕೈಗೆ ಬಂದಾಗ. ಕರಪತ್ರ ಸೂಜಿಯ ಪಾಲಿನ ಕೆಲಸ. ಮೈಕು, ಚಾಪೆ, ಕುಡಿಯುವ ನೀರು ದೊಡ್ಡಕ್ಕನ ಪಾಲು. ಹಾಗಾಗಿ ತಾರೀಖು ಮುಂಚೆ ತಿಳಿದಿದ್ದುದು ಮೂವರಿಗೆ ಮಾತ್ರ: ದೊಡ್ಡಕ್ಕನಿಗೆ, ಸೂಜಿಗೆ, ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವನಿಗೆ.

ಈಗ ದೊಡ್ಡಕ್ಕ ಇಲ್ಲ. ಸೂಜಿಯನ್ನು ಬಿಟ್ಟರೆ ಉಳಿದವನು ಒಬ್ಬನೇ.

ಅವನನ್ನು ಸೂಜಿ ಮಸಿರಾಯರು ಎಂದು ಕರೆಯುತ್ತಿದ್ದಳು. ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವನು ಅವಳನ್ನು ಕಾರ್ಯದರ್ಶಿಗಳೇ ಎನ್ನುತ್ತಿದ್ದ, ಅದೂ ಎದ್ದು ನಿಂತು. ಪ್ರೂಫ್ ತಿದ್ದುವಾಗ ಇಬ್ಬರೂ ಒಂದೇ ಹಾಳೆಗೆ ಬಗ್ಗಬೇಕಾಗುತ್ತಿತ್ತು. ಅವಳು ಅಕ್ಷರ ನೋಡುತ್ತಿದ್ದಳು. ಅವನು ಅಕ್ಷರ ನೋಡುವವನ ಹಾಗೆ ಅವಳ ಹುಬ್ಬು ನೋಡುತ್ತಿದ್ದ. ಅವಳು ಕಣ್ಣೆತ್ತಿದ ಕೂಡಲೇ ಅವನಿಗೆ ಎಲ್ಲಾದರೊಂದು ತಪ್ಪು ಕಾಣಿಸುತ್ತಿತ್ತು. ಒಮ್ಮೆ ಹೀಗೆ ಸಿಕ್ಕಿಬಿದ್ದು, ಸರಿಯಾಗಿದ್ದ ಪದವನ್ನೇ ತಪ್ಪು ಮಾಡಿ, ಆಮೇಲೆ ತಾನೇ ನಾಚಿ ತಿದ್ದಿದ್ದ.

"ಊರಿನವರ ಮದುವೆ ಕಾರ್ಡೆಲ್ಲ ನನ್ನ ಕೈಯಲ್ಲೇ ಆಗುತ್ತೆ" ಎಂದು ಒಂದು ದಿನ ಹಾಳೆ ಜೋಡಿಸುತ್ತಾ ಹೇಳಿದ್ದ. "ನನ್ನದಕ್ಕೂ ಒಂದು ಹೆಸರು ಗೊತ್ತಿದೆ. ಇನ್ನೊಂದನ್ನ ನೀವೇ ಬರೆದುಕೊಡಬೇಕು."

"ಆ ಹುಡುಗಿ ಕೆಲಸಕ್ಕೆ ವಾಪಸು ಹೋಗ್ಲಿ. ಆಮೇಲೆ ಪೆನ್ನು ಹಿಡೀತೀನಿ" ಎಂದಿದ್ದಳು ಸೂಜಿ. ಮನೆಗೆ ಬರುವ ದಾರಿಯಲ್ಲಿ ಅವಳ ಕಾಲು ನೆಲ ಮುಟ್ಟಿರಲಿಲ್ಲ.

ಆದರೆ ಮೊದಲ ಧರಣಿ ಕೆಟ್ಟ ಮೇಲೆ ಅವಳ ಕಣ್ಣಿಗೆ ಬೇರೊಂದು ಬಿತ್ತು. ಎರಡನೆಯ ಧರಣಿಯ ಕರಪತ್ರ ಅಚ್ಚಾದಾಗ ಅವನು ಮೊದಲ ಪ್ರತಿಯನ್ನು ಮಡಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಯಾಕೆ ಎಂದರೆ, ಪ್ರತಿ ಕೆಲಸದಲ್ಲೂ ಒಂದು ಪ್ರತಿ ಇಟ್ಟುಕೊಳ್ಳುವುದು ಪ್ರೆಸ್ಸಿನ ಪದ್ಧತಿ ಎಂದ. ಆಗ ಒಪ್ಪಿದ್ದಳು. ದೊಡ್ಡಕ್ಕ ಬಿದ್ದ ಮೇಲೆ ಆ ಬೀಗದ ಸದ್ದು ಅವಳ ಕಿವಿಯಿಂದ ಹೋಗಲಿಲ್ಲ. ಪ್ರೀತಿಸಿದ ಮುಖದ ಮೇಲೆ ಒಮ್ಮೆ ಸಂಶಯ ಕೂತಿತೆಂದರೆ, ಆ ಮುಖದ ನಗುವೂ ಸಾಕ್ಷಿಯಾಗಿಬಿಡುತ್ತದೆ. ಅವನೇಕೆ ಯಾವಾಗಲೂ ತಾರೀಖಿನ ಜಾಗವನ್ನೇ ಎರಡು ಸಲ ಓದುತ್ತಿದ್ದ? ಹೆಸರು ಬರೆದುಕೊಡಿ ಎಂದದ್ದು ಅವಳಿಗಾಗಿಯೋ, ಸಂಘದ ಒಳಮನೆ ಸೇರುವುದಕ್ಕೋ?

ಅತ್ತಿಗೆ ಸುಮ್ಮನಿರುವವಳಲ್ಲ. "ಬೆಕ್ಕಿಗೆ ಹಾಲು ಕಾಯೋಕೆ ಕೊಟ್ಟಿದ್ದೀವಿ ನಾವು" ಎಂದಳು. "ನೀನು ಹುಬ್ಬು ತಿದ್ದಿಕೊಂಡು ಪ್ರೂಫ್ ನೋಡೋಕೆ ಹೋಗ್ತಿದ್ದಾಗಲೇ ನನಗೆ ಅನ್ನಿಸಿತ್ತು." ಬುಧವಾರದ ಶ್ರದ್ಧಾಂಜಲಿ ಸಭೆಯಲ್ಲಿ ಅವನನ್ನು ಎಲ್ಲರೆದುರು ನಿಲ್ಲಿಸಿ, ಪೊಲೀಸರಿಗೆ ಸುದ್ದಿ ಮುಟ್ಟಿಸಿದವನು ಇವನೇ ಎಂದು ಹೇಳಬೇಕು, ಆ ಪ್ರೆಸ್ಸಿಗೆ ಇನ್ನು ಯಾರೂ ಕಾಲಿಡಬಾರದು ಎಂದು ಹೆಂಗಸರು ತೀರ್ಮಾನಿಸಿದರು. ಹೇಳುವವಳು ಕಾರ್ಯದರ್ಶಿಯೇ ಆಗಬೇಕಿತ್ತು.

ಸೂಜಿ ಅದೇ ಸಂಜೆ ಪ್ರೆಸ್ಸಿಗೆ ಹೋದಳು. ಕಪಾಟು ತೆಗೆಯಿರಿ ಎಂದಳು. ಅವನು ತೆಗೆದ. ಹತ್ತು ವರ್ಷದ ಮದುವೆ ಕಾರ್ಡುಗಳು, ಶಾಲೆಯ ಪ್ರಶ್ನೆಪತ್ರಿಕೆಗಳು, ಅವುಗಳ ಮೇಲೆ ಸಂಘದ ಎರಡು ಕರಪತ್ರಗಳು. ಅದರಿಂದ ಏನೂ ತಿಳಿಯಲಿಲ್ಲ.

"ಸಂಶಯ ಸಂಘದ್ದಾ, ನಿಮ್ಮದಾ?" ಎಂದು ಅವನು ಕೇಳಿದ.

"ನನ್ನದೂ ಇದೆ."

ಅವನು ಕರಪತ್ರಗಳನ್ನು ಮತ್ತೆ ಕಪಾಟಿನಲ್ಲಿಟ್ಟ. "ಸಂಘದ್ದಷ್ಟೇ ಆಗಿದ್ದರೆ ದೇವರ ಮುಂದೆ ಪ್ರಮಾಣ ಮಾಡ್ತಿದ್ದೆ. ನಿಮ್ಮದೂ ಇದ್ದರೆ ನನ್ನ ಹತ್ತಿರ ಉತ್ತರ ಇಲ್ಲ."

ಉತ್ತರ ಇಲ್ಲದಿದ್ದರೆ ಒಪ್ಪಿಕೊಂಡ ಹಾಗೆ ಎನ್ನುತ್ತಾರಲ್ಲ, ಅವಳೂ ಹಾಗೆಯೇ ತಿಳಿದಳು.

ಮಂಗಳವಾರ ಸಭೆಗೆ ಮೈಕು ಬೇಕಾಯಿತು. ದೊಡ್ಡಕ್ಕ ಇಲ್ಲದ ಕಾರಣ ಮೊದಲ ಸಲ ಸೂಜಿಯೇ ಮೈಕ್ ಸೆಟ್ಟಿನ ಅಂಗಡಿಗೆ ಹೋದಳು. ಅಂಗಡಿಯ ಮುದುಕನಿಗೆ ಕಿವಿ ಮಂದ. ಜೀವನವೆಲ್ಲ ಸ್ಪೀಕರ್ ಪಕ್ಕ ನಿಂತದ್ದರ ಫಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಅವಳು ಎರಡು ಸಲ ಕೂಗಿ ಹೇಳಿದ ಮೇಲೆ ಒಂದು ಫಾರಂ ಮುಂದಿಟ್ಟ. ತಾರೀಖು, ಜಾಗ, ಹೊತ್ತು, ಕಾರಣ. ಕೆಳಗೆ ಕಾರ್ಬನ್ ಹಾಳೆ.

ಎರಡು ಪ್ರತಿ ಯಾಕೆ ಎಂದು ಕೇಳಿದಳು.

"ಒಂದು ನನಗೆ, ಒಂದು ಠಾಣೆಗೆ. ಮೈಕು ಹಚ್ಚೋಕೆ ಅವರ ಪರ್ಮಿಶನ್ ಬೇಕಲ್ಲಮ್ಮ" ಎಂದ ಮುದುಕ. "ಬೇರೆಯವರೆಲ್ಲ ಮದುವೆ ಅಂತ ಬರೆದು ಭಾಷಣ ಮಾಡ್ತಾರೆ. ನಿಮ್ಮ ದೊಡ್ಡಕ್ಕ ಮಾತ್ರ ಧರಣಿಗೆ ಧರಣಿ ಅಂತಲೇ ಬರೆಯೋರು, ಮೂರು ದಿನ ಮೊದಲೇ. ಬೇರೆ ಏನಾದ್ರೂ ಬರೀರಿ ತಾಯಿ ಅಂದ್ರೆ, ಕದ್ದು ಮಾಡೋಕೆ ನಾವೇನು ಕಳ್ಳರಾ ಅನ್ನೋರು. ಅಂಥವರು ಈಗ ಎಲ್ಲಿದ್ದಾರೆ?"

ಸೂಜಿ ಕಾರ್ಬನ್ ಹಾಳೆ ಎತ್ತಿ ಕೆಳಗಿನ ಪ್ರತಿಯನ್ನು ನೋಡಿದಳು. ಕರಪತ್ರವನ್ನು ಅಷ್ಟು ಗುಟ್ಟಾಗಿ ಕಾಪಾಡಿದವರು, ಮೈಕಿನ ಚೀಟಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ದೊಡ್ಡಕ್ಕನ ಸತ್ಯವೇ ವ್ಯಾನನ್ನು ಕರೆದಿತ್ತು.

ಅಲ್ಲಿಂದ ನೇರ ಪ್ರೆಸ್ಸಿಗೆ ನಡೆದಳು. ಅವನು ಶ್ರದ್ಧಾಂಜಲಿಯ ಹಾಳೆ ಅಚ್ಚು ಹಾಕುತ್ತಿದ್ದ. ನಾಳೆ ತನ್ನನ್ನೇ ಹೊರಗಟ್ಟುವ ಸಭೆಯ ಹಾಳೆ. ಅವಳನ್ನು ಕಂಡು ಎಂದಿನಂತೆ ಎದ್ದು ನಿಂತ. ಅದನ್ನು ನೋಡಿ ಅವಳ ಕಣ್ಣು ತುಂಬಿತು. ನಡೆದದ್ದನ್ನೆಲ್ಲ ಹೇಳಿದಳು, ನಾಳೆ ಮೈಕಿನಲ್ಲೂ ಹೇಳುತ್ತೇನೆಂದಳು.

ಅವನು ಮಿಷನ್ ನಿಲ್ಲಿಸಿದ. "ಬೇಡ. ಹೋದವರ ಮೇಲೆ ಹಾಕಬೇಡಿ. ಅವರೇ ಕಾರಣ ಅಂತ ಜನ ಆಡಿಕೊಂಡರೆ ಆ ಜೀವಕ್ಕೆ ನೆಮ್ಮದಿ ಇರಲ್ಲ. ನಾನು ಬೇರೆ ಊರಲ್ಲಾದ್ರೂ ಅಚ್ಚು ಹಾಕ್ತೀನಿ. ನೀವು ನಂಬಿದ್ರಲ್ಲ, ಸಾಕು."

"ಸುಳ್ಳಿನ ಮೇಲೆ ಅವರಿಗೆ ನೆಮ್ಮದಿ ಸಿಗುತ್ತಾ?" ಎಂದಳು ಸೂಜಿ. "ಅವರು ಫಾರಮ್ಮಿನಲ್ಲೂ ಸುಳ್ಳು ಬರೆದವರಲ್ಲ. ನಿಮ್ಮನ್ನ ಅನುಮಾನಿಸಿದ ಬಾಯಿ ಇದು. ಇದೇ ಹೇಳಬೇಕು. ನೀವು ಕ್ಷಮಿಸದಿದ್ದರೂ ಹೇಳ್ತೀನಿ."

"ಕ್ಷಮಿಸದೆ ಇರೋದಕ್ಕೆ ನನಗೆ ಬರಬೇಕಲ್ಲ, ಕಾರ್ಯದರ್ಶಿಗಳೇ."

ಅವಳು ಅವನ ಕೈ ಹಿಡಿದಳು. ಹಸಿ ಮಸಿ ಅವಳ ಬೆರಳಿಗೂ ಅಂಟಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಬುಧವಾರ ಗೇಟಿನ ಮುಂದೆ ಇನ್ನೂರು ಹೆಂಗಸರು ಕೂತರು. ಬಸುರಿ ಹುಡುಗಿಯೂ ಮುಂದಿನ ಸಾಲಿನಲ್ಲಿದ್ದಳು. ಅವಳ ಕೆಲಸ ಇನ್ನೂ ಸಿಕ್ಕಿರಲಿಲ್ಲ, ಹೋರಾಟ ಮುಗಿದಿರಲಿಲ್ಲ. ವ್ಯಾನು ಆಚೆ ನಿಂತಿತ್ತು. ಅದು ಹೇಗೆ ಬಂತೆಂದು ಸೂಜಿ ಮೈಕಿನಲ್ಲಿ ಒಂದಕ್ಷರ ಬಿಡದೆ ಹೇಳಿದಳು. ತಪ್ಪು ದೊಡ್ಡಕ್ಕನದಲ್ಲ, ಸತ್ಯ ಬರೆದವರ ಮೇಲೆ ವ್ಯಾನು ಕಳಿಸಿದವರದು ಎಂದಳು. ನಿರಪರಾಧಿಯನ್ನು ಅನುಮಾನಿಸಿದ್ದು ತಾನು, ಮದುವೆಯಾಗಬೇಕೆಂದಿರುವುದೂ ಅವನನ್ನೇ ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತಿಗೆ ಎದ್ದು, ಹಿಂದೆ ಗೋಡೆಗೊರಗಿ ನಿಂತಿದ್ದ ಪ್ರೆಸ್ಸಿನವನಿಗೆ ತನ್ನ ಚಾಪೆಯಲ್ಲಿ ಜಾಗ ಮಾಡಿಕೊಟ್ಟಳು.

ಆಮೇಲೆ ಸೂಜಿ ಮೈಕನ್ನು ಆರಿಸಿದಳು. ಪ್ರಾರ್ಥನೆಗೆ ಪರ್ಮಿಶನ್ ಬೇಕಿರಲಿಲ್ಲ. ಎಲ್ಲರೂ ಎದ್ದು ಕೈ ಮುಗಿದರು. ದೇವರೇ, ಬದುಕಿರುವಷ್ಟು ದಿನ ಪರರ ಮಕ್ಕಳಿಗಾಗಿ ಬಿಸಿಲಲ್ಲಿ ನಿಂತ ಈ ತಾಯಿಯನ್ನು ನಿನ್ನ ನೆರಳಿಗೆ ಕರೆದುಕೋ. ಆಕೆಯ ದಣಿದ ಕಾಲಿಗೆ ವಿಶ್ರಾಂತಿ ಕೊಡು, ಆತ್ಮಕ್ಕೆ ಶಾಂತಿ ಕೊಡು.