ಅರವತ್ತೆರಡು ಮರಗಳ ಹಣ್ಣು

ಕಾರು ನನ್ನ ಮೇಲೇ ನುಗ್ಗಿತು!

ಪಕ್ಕಕ್ಕೆ ಹಾರಿದೆ. ಮೊಣಕೈ ತರಚಿತು. ಲ್ಯಾಬಿನ ಹಿಂದಿನ ಗೇಟಿನಿಂದ ಥರ್ಮೋಕೋಲ್ ಡಬ್ಬಿ ಹೊತ್ತು ಓಡಿಬಂದ ಮಾಸ್ಕಿನವನೇ ಕಾರು ಓಡಿಸುತ್ತಿದ್ದ.

ವ್ಯಾನ್ ಹತ್ತಿ ಬೆನ್ನಟ್ಟಿದೆ.

ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು ಸ್ವಾಮಿ. ಬೆಳಿಗ್ಗೆ ಕೋವಿಡ್ ಐಸಿಯುವಿನ ಹಾಸಿಗೆಯಿಂದ ವಸುಂಧರಾ ಫೋನ್ ಮಾಡಿದ್ದಳು.

"ಲೀಲಕ್ಕ, ಫ್ರೀಜರ್‌ನಿಂದ ನನ್ನ ಹಾಥಾರ್ನ್ ಹಣ್ಣು ಯಾರೋ ಕದೀತಿದಾರೆ. ಅರ್ಧ ಹೋಗಿದೆಯಂತೆ..."

ಮೂರು ವರ್ಷ ಬೇಲಿ ಬೇಲಿ ಅಲೆದು ಆಯ್ದ ಕಾಡುಹಣ್ಣು. ಅರವತ್ತೆರಡು ಮರ. ಮರಕ್ಕೊಂದು ಪೊಟ್ಟಣ. ಯಾವ ಮರದ ಹಣ್ಣಿನಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಎಂಬುದೇ ಅವಳ ಪಿಎಚ್‌ಡಿ. ಒಂದರೊಡನೊಂದು ಬೆರೆತರೆ ಮುಗಿಯಿತು!

"ಮೂರು ಗಂಟೆಗೆ ನಂಗೆ ವೆಂಟಿಲೇಟರ್ ಹಾಕ್ತಾರೆ. ಅಷ್ಟರೊಳಗೆ ಹುಡುಕಿ ಅಕ್ಕ."

ಈಗ ಎರಡೂ ಕಾಲು. ಲಾಕ್‌ಡೌನ್. ಖಾಲಿ ರಸ್ತೆ. ಕ್ಲಾಂಡಾಲ್ಕಿನ್ ಬಡಾವಣೆ ದಾಟುವಾಗ ಇನ್ನೇನು ಸಿಕ್ಕೇಬಿಟ್ಟ... ಗಾರ್ಡಾ, ಅಂದರೆ ಐರಿಶ್ ಪೊಲೀಸ್, ನನ್ನನ್ನೇ ತಡೆದ!

"ಮನೆಯಿಂದ ಐದು ಕಿಲೋಮೀಟರ್ ಮೀರಿದ್ದೀರಿ. ಎಲ್ಲಿಗೆ?"

"ಪೇಷೆಂಟ್ ಕೆಲಸ!"

"ಗ್ರ್ಯಾಂಡ್... ಸರಿ, ಹೋಗಿ."

ಕಾರು ಲೂಕನ್ ಕಡೆ ತಿರುಗಿದ್ದು ಕಂಡಿತ್ತು. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಹೌಸಿಂಗ್ ಎಸ್ಟೇಟಿನ ನಾಲ್ಕನೇ ತಿರುವಿನಲ್ಲಿ ಸಿಕ್ಕಿತು. ಬಾನೆಟ್ ಇನ್ನೂ ಬಿಸಿ.

ಹಿಂಬಾಗಿಲು ತಳ್ಳಿದೆ. ಅಡುಗೆಮನೆ. ಒಲೆಯ ಮೇಲೆ ದೊಡ್ಡ ಪಾತ್ರೆ, ಕೆಂಪಗೆ ಕೊತಕೊತ. ಸಿಂಕ್ ತುಂಬ ಹರಿದ ಪೊಟ್ಟಣಗಳು.

"ಹತ್ತಿರ ಬಂದ್ರೆ ಎರಚ್ತೀನಿ!" ಮಾಸ್ಕಿನವನು ಸೌಟು ಎತ್ತಿದ.

"ಯಾರಿಗೆ ಮಾರ್ತೀಯೋ ಇದನ್ನ?"

"ಮಾರೋದಾ? ನನ್ನ ಹೆಂಡ್ತಿಗ್ರೀ! ಊಟಕ್ಕೆ ಕೂತಾಗೆಲ್ಲ ಅವಳದ್ದು ಅದೇ ಮಾತು... ಈ ಹಣ್ಣಲ್ಲಿ ಅಷ್ಟು ಆಂಟಿಆಕ್ಸಿಡೆಂಟ್ ಇದೆ, ಇಷ್ಟಿದೆ ಅಂತ. ಡಾಕ್ಟ್ರು ಕೈಚೆಲ್ಲಿದ್ರು. ಅವಳ ಕಾರ್ಡಿಂದ ಲ್ಯಾಬಿಗೆ ನುಗ್ಗಿದೆ. ಶುಂಠಿ, ಮೆಣಸು ಹಾಕಿ ಕಷಾಯ ಮಾಡ್ತಿದೀನಿ. ನಾಲ್ಕು ದಿನದಿಂದ ಫ್ಲಾಸ್ಕ್ ಹಿಡಿದು ಆಸ್ಪತ್ರೆ ಬಾಗಿಲಿಗೆ ಹೋಗ್ತಿದೀನಿ... ಒಳಗೇ ಬಿಡ್ತಿಲ್ಲ!"

ಗೋಡೆಯ ಮೇಲೆ ಮದುವೆ ಫೋಟೋ, ಕೆಳಗೆ ಹೆಸರುಗಳು. ಇವನು ಸಂಪತ್. ಪಕ್ಕದಲ್ಲಿ ನಗುತ್ತಿದ್ದವಳು ವಸುಂಧರಾ!

ಅರವತ್ತೆರಡು ಮರ. ಒಂದೇ ಪಾತ್ರೆ.

ಫೋನ್ ಬಡಿದುಕೊಂಡಿತು. ಮೂರಕ್ಕೆ ಐದು ನಿಮಿಷ.

"ಸಿಕ್ತಾ ಲೀಲಕ್ಕ?"

"ಸಿಕ್ತಮ್ಮ. ಒಂದೊಂದು ಪೊಟ್ಟಣವೂ ಭದ್ರ."

"ಕಳ್ಳ?"

"ತಪ್ಪಿಸಿಕೊಂಡ."

ಅವಳ ದನಿ ಕೇಳಿ ಸಂಪತ್ ಬಿಕ್ಕಿದ. ಆ ಬಿಕ್ಕು, ಪಾತ್ರೆಯ ಕೊತಕೊತ ಎರಡೂ ಆ ಕಡೆ ಕೇಳಿಸಿದವು.

"ಅವನಿಗೆ ಹೇಳಿ ಅಕ್ಕ... ಅಷ್ಟೊಂದು ಕುದಿಸಿದ್ರೆ ಸತ್ವ ಹೋಗುತ್ತೆ. ಸಣ್ಣ ಉರಿ ಸಾಕು."

ಲೈನ್ ಕಟ್ಟಾಯಿತು. ಆ ದನಿಯನ್ನು ಯಾರೂ ಮತ್ತೆ ಕೇಳಲಿಲ್ಲ.

ಸಂಪತ್ ಒಲೆಯ ಉರಿ ಸಣ್ಣ ಮಾಡಿದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಕಳ್ಳನನ್ನು ಅಪ್ಪಿಕೊಳ್ಳಬೇಕೆನಿಸಿದ್ದು ಅದೊಂದೇ ಸಲ.

ಎರಡು ಮೀಟರ್ ದೂರದಲ್ಲೇ ನಿಂತೆ... ರೂಲ್ಸ್ ಅಂದರೆ ರೂಲ್ಸ್!